ಒಂಬತ್ತನೇ ನಂಬರಿಗೆ ಬೀಗ

ಈ ದೇಶದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯ ಇನ್ನೂ ಉಸಿರಾಡುತ್ತಿದ್ದರೆ ಅದಕ್ಕೆ ಎರಡೇ ಕಾರಣ. ಒಂದು ಸಂವಿಧಾನ, ಇನ್ನೊಂದು ನಾನು. ಸಂವಿಧಾನದ ಬಗ್ಗೆ ಎಲ್ಲರಿಗೂ ಗೊತ್ತು. ನನ್ನ ಬಗ್ಗೆ ಮೂವರಿಗೆ ಮಾತ್ರ ಗೊತ್ತು, ಏಕೆಂದರೆ ನನ್ನ ಬ್ಲಾಗಿಗೆ ಇದ್ದ ಓದುಗರು ಅಷ್ಟೇ. ಅವರಲ್ಲಿ ಒಬ್ಬ ನಾನೇ.

ಇದು 2007ರ ಮಾತು. ಆಗ ನಾನು, ಅಂದರೆ ರಘೋತ್ತಮ, ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ನಾನು, ಒಂದು ಕಂಪ್ಯೂಟರು, ಅದರ ಮೇಲೆ ಹೊದಿಸುವ ಬಟ್ಟೆ, ಇಷ್ಟೇ ಇದ್ದದ್ದು. ಸಂಜೆ ಸಾಹೇಬರು ಮನೆಗೆ ಹೋದ ಮೇಲೆ ಕಂಪನಿಯ ಇಂಟರ್ನೆಟ್ಟಿನಲ್ಲಿ ನಾನು ಲೋಕೋದ್ಧಾರಕ್ಕೆ ಕೂರುತ್ತಿದ್ದೆ. ಎಲ್ಲೋ ಸಿನಿಮಾಕ್ಕೆ ಕತ್ತರಿ ಹಾಕಿದರು, ಎಲ್ಲೋ ಪುಸ್ತಕ ನಿಷೇಧಿಸಿದರು, ಯಾರದೋ ಬ್ಲಾಗಿಗೆ ಬೀಗ ಜಡಿದರು ಎಂದು ಸುದ್ದಿ ಬಂದರೆ ಸಾಕು, ನನ್ನ ರಕ್ತ ಕುದಿಯುತ್ತಿತ್ತು. ‘ಪ್ರಜೆಗಳೇನು ಹಾಲುಗಲ್ಲದ ಹಸುಳೆಗಳೇ? ಏನು ನೋಡಬೇಕು, ಏನು ಬಿಡಬೇಕು ಎಂದು ಅವರಿಗೆ ತಿಳಿಯದೇ?’ ಎಂದು ಗುಡುಗಿದ್ದೆ. ಹಾವೇರಿಯ ಓದುಗರೊಬ್ಬರು ಅದಕ್ಕೆ ‘ಸೂಪರ್’ ಎಂದು ಕಮೆಂಟು ಹಾಕಿದ್ದರು. ಆ ಒಂದು ಶಬ್ದವನ್ನು ಪ್ರಿಂಟ್ ತೆಗೆದು ಹೆಂಡತಿಗೆ ತೋರಿಸಿದ್ದೆ.

ಇಂಥ ಮಹಾನುಭಾವನಾದ ನಾನು ಆ ಮಾರ್ಚ್ ತಿಂಗಳಲ್ಲಿ ಒಂದು ಘನಘೋರ ಸಂಕಲ್ಪ ಮಾಡಿದೆ. ಸಂಜೆ ಏಳು ಗಂಟೆಯ ಧಾರಾವಾಹಿಯನ್ನು ನಮ್ಮ ಮನೆಯಿಂದ ಗಡೀಪಾರು ಮಾಡಿಯೇ ತೀರುತ್ತೇನೆ!

ಕಾರಣವಿತ್ತು. ಆ ಧಾರಾವಾಹಿಯಲ್ಲಿ ಅಂಜಲಿ ಎಂಬ ಸಾಧ್ವಿ, ಅವಳಿಗೊಬ್ಬ ಗಂಡ. ಆಫೀಸಿನಲ್ಲಿ ಕೆಲಸ ಬಹಳ ಎಂದು ನೆಪ ಹೇಳಿ ಅವನು ಮೋನಿಕಾ ಎಂಬವಳ ಮನೆಗೆ ಹೋಗುತ್ತಿದ್ದ. ಪಾಪ ಮಾಡಿದವನು ಅವನು, ಅನುಭವಿಸಿದವನು ನಾನು. ಒಂದು ದಿನ ಬ್ಲಾಗು ಬರೆದು ಮನೆಗೆ ಬರುವಾಗ ಎಂಟೂವರೆ ಆಗಿತ್ತು. ಬಾಗಿಲಲ್ಲೇ ನಮ್ಮ ಅವ್ವ ಸರಸ್ವತೀಬಾಯಿ ಕೂತಿದ್ದಳು.

“ಇಷ್ಟೊತ್ತನಕಾ ಆಫೀಸಿನ್ಯಾಗ ಏನ್ ಮಾಡ್ತಿದ್ದೀಪಾ?”

“ಬರೀಲಿಕ್ಕೆ ಹತ್ತಿದ್ದೆ, ಅವ್ವಾ.”

“ಅಂವಾನೂ ಹಿಂಗ ಅಂತಾನ.”

ಹೆಂಡತಿ ನಂದಿತಾ ಹತ್ತಿರ ಬಂದು ನನ್ನ ಅಂಗಿಯನ್ನು ಮೂಸಿದಳು. ಆಮೇಲೆ ಅತ್ತೆಗೆ ವರದಿ ಒಪ್ಪಿಸಿದಳು: “ಬೀಜಕ್ಕ ಹಚ್ಚೋ ಔಷಧದ ವಾಸನಿ ಅಷ್ಟ ಅದರಿ, ಅತ್ಯಾರ.” ಇಬ್ಬರಿಗೂ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಅಂದೇ ತೀರ್ಮಾನಿಸಿದೆ. ನಮ್ಮ ಹೊಸ ಟಿವಿಯಲ್ಲಿ ಬೇಡದ ಚಾನಲ್ಲಿಗೆ ಬೀಗ ಹಾಕುವ ಸೌಲಭ್ಯವಿತ್ತು. ಕೇಬಲ್ಲಿನಲ್ಲಿ ಆ ಚಾನಲ್ಲು ಬರುತ್ತಿದ್ದದ್ದು ಒಂಬತ್ತನೇ ನಂಬರಿಗೆ. ತಂತ್ರಜ್ಞಾನದ ಮುಂದೆ ಹೆಂಗಸರ ಕಣ್ಣೀರು ಎಷ್ಟು ಹೊತ್ತು ನಿಂತೀತು? ರಿಮೋಟಿನ ನಾಲ್ಕು ಗುಂಡಿ ಒತ್ತಿ, ಯಾರೂ ಊಹಿಸಲಾಗದ ಗುಪ್ತ ಸಂಖ್ಯೆ ಕೊಟ್ಟು, ಒಂಬತ್ತಕ್ಕೆ ಬೀಗ ಜಡಿದೆ. ಪರದೆಯ ಮೇಲೆ ಪುಟ್ಟ ಬೀಗದ ಚಿತ್ರ ಮೂಡಿತು. ಅದರಷ್ಟು ಸುಂದರವಾದ ಚಿತ್ರವನ್ನು ಆ ಟಿವಿಯಲ್ಲಿ ನಾನು ಅದುವರೆಗೆ ನೋಡಿರಲಿಲ್ಲ.

ಮರುದಿನ ಆಫೀಸಿನಲ್ಲಿ ಈ ವಿಜಯವಾರ್ತೆಯನ್ನು ಹನುಮೇಶನಿಗೆ ಹೇಳಿದೆ. ಹನುಮೇಶ ನಮ್ಮ ಗೋದಾಮು ನೋಡಿಕೊಳ್ಳುವವನು, ನನ್ನ ಬ್ಲಾಗಿನ ಮೂರನೇ ಓದುಗ. ಅವನು ತಲೆ ಕೆರೆದುಕೊಂಡ.

“ಸರ, ಬ್ಲಾಗಿನ್ಯಾಗ ಬೀಗ ಹಾಕಬಾರದು ಅಂತ ಬರದೀರಿ. ಮನ್ಯಾಗ ನೀವ ಹಾಕೀರಿ. ಇದು ಹೆಂಗ್ರಿ?”

“ಹುಚ್ಚಾ, ಸರ್ಕಾರ ಹಾಕಿದರೆ ಅದು ಸೆನ್ಸಾರು. ಮನೀ ಯಜಮಾನ ಹಾಕಿದರೆ ಸಂಸ್ಕಾರ.”

“ಅಂದ್ರ ಸರ್ಕಾರದಾಗೂ ಯಾರೋ ಒಬ್ರು ಯಜಮಾನ್ರು ಹಿಂಗ ಅನಕೊಂಡಿರಬೇಕಲ್ರಿ?”

ಓದುಗರು ಕಡಿಮೆ ಇರುವುದೇ ಒಳ್ಳೆಯದು ಅನ್ನಿಸಿತು.

ಇಷ್ಟೆಲ್ಲ ಯೋಚಿಸಿದ್ದ ನಾನು ಒಂದನ್ನು ಮರೆತಿದ್ದೆ. ಅದು ಮೆಣಸಿನಕಾಯಿಯ ಹಂಗಾಮು. ಪ್ರತಿವರ್ಷ ಆ ಹೊತ್ತಿಗೆ ಬ್ಯಾಡಗಿ ಮಾರುಕಟ್ಟೆಯಿಂದ ನಮ್ಮ ಮನೆಗೂ ನೆರೆಯ ಎರಡು ಮನೆಗಳಿಗೂ ಸೇರಿಸಿ ವರ್ಷದ ಮೆಣಸಿನಕಾಯಿ ತರುತ್ತೇವೆ. ಮಾಳಿಗೆಯ ಮೇಲೆ ಒಣಗಿಸಿ, ನಮ್ಮ ಪಡಸಾಲೆ ದೊಡ್ಡದೆಂದು ಅಲ್ಲಿ ರಾಶಿ ಹಾಕಿ, ಸಂಜೆ ಮೂರೂ ಮನೆಯ ಹೆಂಗಸರು ಸುತ್ತ ಕೂತು ತುಂಬು ಬಿಡಿಸುತ್ತಾರೆ. ತುಂಬು ಅಂದರೆ ತೊಟ್ಟು. ಅದನ್ನು ಮುರಿಯದೆ ಕಾಯಿ ಗಿರಣಿಗೆ ಹೋಗುವಂತಿಲ್ಲ, ಗಿರಣಿಗೆ ಹೋಗದೆ ಖಾರದಪುಡಿ ಇಲ್ಲ, ಖಾರದಪುಡಿ ಇಲ್ಲದೆ ನಮ್ಮ ಕಡೆ ಸಂಸಾರವೇ ಇಲ್ಲ. ಈ ಮಹಾಯಜ್ಞ ನಡೆಯುವುದು ಯಾವುದರ ಬಲದಿಂದ ಅಂದುಕೊಂಡಿರಿ? ಏಳು ಗಂಟೆಯ ಧಾರಾವಾಹಿಯ ಬಲದಿಂದ. ಕಣ್ಣು ಟಿವಿಯ ಮೇಲೆ, ಕೈ ಮೆಣಸಿನಕಾಯಿಯ ಮೇಲೆ. ಅಂಜಲಿ ಜೋರಾಗಿ ಅತ್ತಷ್ಟೂ ತುಂಬು ಬೇಗ ಬೇಗ ಬಿಡುತ್ತಿದ್ದವು.

ಆ ಸಂಜೆ ಎದುರುಮನೆಯ ನೀಲಗಂಗವ್ವ, ಪಕ್ಕದ ಮನೆಯ ಅಕ್ಬರಬಿ ಇಬ್ಬರೂ ಬಂದು ಕೂತರು. ನಂದಿತಾ ಟಿವಿ ಹಚ್ಚಿದಳು. ಬೀಗ ಕಂಡಿತು. ಇದು ಸಂಸ್ಕಾರ ಎಂದು ಅವರಿಗೂ ಸಾರಿದೆ. ನೀಲಗಂಗವ್ವ ಹತ್ತು ಕಾಯಿ ಮುರಿದು, ಕೈ ಝಾಡಿಸಿ ಎದ್ದಳು.

“ಟೀವಿ ಇಲ್ದ ಕೈ ಓಡಂಗಿಲ್ರಿ ವೈನಿ. ಕತಿ ಮುಗಿಸ್ಕೊಂಡು ಮನ್ಯಾಗ ರೊಟ್ಟಿ ಬಡೀತೇನಿ.”

“ನಾನೂ ಬರ್ತೇನ್ರಿ,” ಎಂದಳು ಅಕ್ಬರಬಿ. “ಅಕಿಗಿ ನಿನ್ನೆ ಹಾಲಿನ್ಯಾಗ ವಿಷಾ ಹಾಕ್ಯಾರ. ಕುಡದಾಳೋ ಬಿಟ್ಟಾಳೋ ನೋಡಬೇಕು.”

ಅವರವರ ಮನೆಯ ಟಿವಿ ಅವರವರಿಗಿತ್ತು. ಹೋದರು. ಉಳಿದವಳು ನಂದಿತಾ, ಅವಳ ಮುಂದೆ ಕೆಂಪು ಗುಡ್ಡ. ಅವ್ವ ಮೊಣಕಾಲು ನೋವಿನವಳು, ನೆಲಕ್ಕೆ ಕೂರುವಂತಿರಲಿಲ್ಲ. ಕುರ್ಚಿಯಲ್ಲಿ ಕೂತು ಬೀಗದ ಚಿತ್ರವನ್ನೇ ನೋಡುತ್ತಿದ್ದಳು.

ಮೂರನೇ ದಿನ ಆಕಾಶದಲ್ಲಿ ಮೋಡ ಕಟ್ಟಿತು. ನಂದಿತಾ ಪಡಸಾಲೆಯ ನಡುವೆ ನಿಂತು ನನ್ನ ಕಡೆ ತಿರುಗಿದಳು.

“ಕಾಯಿ ಥಂಡಿ ಹಿಡದು ಬೆಳ್ಳಗಾದ್ರ ವರ್ಷಪೂರ್ತಿ ಏನ್ ತಿಂತೀರಿ? ಗಿರಣ್ಯಾಗ ನಿಮ್ಮ ಸಂಸ್ಕಾರ ಕುಟ್ಟಿಸಿಕೊಂಡು ಬರ್ರಿ. ಅದನ್ನ ಹಚ್ಚಿಕೊಂಡು ರೊಟ್ಟಿ ತಿನ್ನೂಣಂತ.”

ನಾನು ಉದಾರಿ. ಮಾನವೀಯತೆಯ ದೃಷ್ಟಿಯಿಂದ ಬೀಗ ತೆಗೆಯಲು ಒಪ್ಪಿ ರಿಮೋಟು ಹಿಡಿದೆ. ಆಗ ಗೊತ್ತಾಯಿತು, ಯಾರೂ ಊಹಿಸಲಾಗದ ಆ ಗುಪ್ತ ಸಂಖ್ಯೆಯನ್ನು ನಾನೂ ಊಹಿಸಲಾರೆ ಎಂದು. ನನ್ನ ಜನ್ಮದಿನ ಒತ್ತಿದೆ, ಮದುವೆಯ ದಿನ ಒತ್ತಿದೆ. ಮದುವೆಯ ದಿನವೇ ತಪ್ಪು ಎಂದು ನಂದಿತಾ ಹಿಂದಿನಿಂದ ತಿದ್ದಿದಳು. ತಿದ್ದಿ ಒತ್ತಿದರೂ ಬೀಗ ಅಲುಗಲಿಲ್ಲ. ಟಿವಿಯ ಜೊತೆ ಬಂದ ಪುಸ್ತಕವನ್ನು ರದ್ದಿಗೆ ಹಾಕಿದ್ದೆ, ಏಕೆಂದರೆ ನಮ್ಮಂಥ ತಂತ್ರಜ್ಞರಿಗೆ ಅದು ಬೇಕಾಗುವುದಿಲ್ಲ.

ಸೋತೆ ಎಂದು ಒಪ್ಪಿಕೊಂಡರೆ ಯಜಮಾನಿಕೆ ಎಲ್ಲಿ ಉಳಿಯಿತು? ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: “ಸಂಖ್ಯೆ ಗೊತ್ತದ, ಆದ್ರ ತೆಗಿಯಂಗಿಲ್ಲ. ಅದರ ಬದಲಿ ದಿನಾ ಏಳಕ್ಕ ಆ ಕತಿ ನಾನ ಹೇಳ್ತೇನಿ. ಶುದ್ಧ ಮಾಡಿ ಹೇಳ್ತೇನಿ. ಎಲ್ಲಾರನ್ನೂ ಕರಿ.”

ನಂದಿತಾ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಯಾಕೋ ಏನೋ, ಜಗಳವಾಡದೆ ಎದುರುಮನೆಗೆ ಹೋದಳು.

ಹನುಮೇಶ ಹಿಂದಿನ ಸಂಜೆ ನೋಡಿದ್ದನ್ನು ಬೆಳಿಗ್ಗೆ ಆಫೀಸಿನಲ್ಲಿ ನನಗೆ ಹೇಳುವುದು, ನಾನು ದಾರಿಯಲ್ಲಿ ಅದನ್ನು ಸೋಸಿ ಸಂಜೆ ಬಡಿಸುವುದು, ಇದು ಏರ್ಪಾಡು. ಮೊದಲ ದಿನವೇ ನಾಲ್ಕೂ ಜನ ಹಾಜರು. ನನ್ನ ಕೈಗೂ ಒಂದು ಮೊರ ಕೊಟ್ಟರು. ಸುಮ್ಮನೆ ಬಾಯಾಡಿಸುವ ಬದಲು ಕೈಯೂ ಆಡಲಿ ಎಂದಳು ಅವ್ವ.

“ಅಂಜಲಿ ಹಾಲು ಕುಡಿದಳು,” ಎಂದು ಶುರುಮಾಡಿದೆ. “ಆದರೆ ಅದರಲ್ಲಿ ಸಕ್ಕರೆ ಸ್ವಲ್ಪ ಕಡಿಮೆಯಿತ್ತು.”

“ಸಕ್ಕರಿ ಕಡಿಮಿ ಅಂತ ಅಕಿನ್ನ ದವಾಖಾನಿಗೆ ಒಯ್ದ್ರೇನ್ರಿ, ಅಣ್ಣಾರ?” ನೀಲಗಂಗವ್ವ ಕೇಳಿದಳು.

ದವಾಖಾನೆಯ ಮಾತು ನಾನಿನ್ನೂ ಎತ್ತಿರಲಿಲ್ಲ. ಹೆಂಗಸರ ಊಹಾಶಕ್ತಿ ಅಪಾರ ಎಂದುಕೊಂಡು, “ಸಕ್ಕರೆ ಪರೀಕ್ಷೆಗೆ ಒಯ್ದರು,” ಎಂದೆ. ಅಕ್ಬರಬಿ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು. ಮೆಣಸಿನಕಾಯಿಯ ಘಾಟು ಇರಬೇಕು.

ಮೋನಿಕಾ ವಿಷಯ ಬಂದಾಗ ಇನ್ನೂ ಕಷ್ಟವಾಯಿತು. ನನ್ನ ಪರಿಷ್ಕೃತ ಆವೃತ್ತಿಯಲ್ಲಿ ಅವಳು ಅಂಜಲಿಯ ಗಂಡನ ದೂರದ ಸಂಬಂಧಿ.

“ದೂರದ ಸಂಬಂಧಿ ಮನ್ಯಾಗ ರಾತ್ರಿ ಯಾಕ ಉಳಕೊಂಡಾ?” ಅವ್ವ ಕೇಳಿದಳು.

“ಬಸ್ಸು ತಪ್ಪಿತು.”

“ಅವನ ಕಡೆ ಕಾರು ಐತಲ್ರಿ,” ಎಂದಳು ನೀಲಗಂಗವ್ವ.

“ಪಂಕ್ಚರ್.”

“ಮತ್ತ ಆ ಕ್ವಾಣ್ಯಾಗಿನ ದೀಪ ಯಾಕ ಆರಸಿದ್ರು?” ಇದು ನಂದಿತಾ.

“ಕರೆಂಟು ಹೋಯಿತು. ನಮ್ಮ ರಾಜ್ಯದಾಗ ಕರೆಂಟು ಹೋಗೂದಿಲ್ಲೇನು?”

ನಾಲ್ಕೂ ಜನ ನಕ್ಕು ನಕ್ಕು ಒರಗಿದರು. ರಾಶಿ ಕರಗತೊಡಗಿತು. ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು. ಬ್ಲಾಗಿನಲ್ಲಿ ವರ್ಷವಿಡೀ ಕೂಗಿದರೂ ಸಿಗದ ಶ್ರೋತೃವರ್ಗ ಪಡಸಾಲೆಯಲ್ಲಿ ಕಣ್ಣರಳಿಸಿ ಕೂತಿತ್ತು. ಏಳಾಗುವ ಮುಂಚೆಯೇ ಬಂದು, “ಅಣ್ಣಾರು ಇನ್ನೂ ಬಂದಿಲ್ಲೇನು?” ಎಂದು ಕೇಳುತ್ತಿದ್ದರಂತೆ. ಜನ ಕೆಟ್ಟದ್ದನ್ನು ನೋಡುವುದು ಒಳ್ಳೆಯದು ಸಿಗದ ಕಾರಣಕ್ಕೆ ಎಂಬ ಸಿದ್ಧಾಂತವೊಂದು ನನ್ನ ತಲೆಯಲ್ಲಿ ಮೊಳೆಯಿತು. ಸರ್ಕಾರದವರು ಬೀಗ ಹಾಕುವುದು ತಪ್ಪಲ್ಲ, ಬೀಗ ಹಾಕಿದ ಮೇಲೆ ಚೆನ್ನಾಗಿ ಕತೆ ಹೇಳುವವರು ಅವರಲ್ಲಿಲ್ಲ, ಅದೇ ತಪ್ಪು ಎಂದು ಹೊಸ ಲೇಖನ ಬರೆಯಲು ಕೂತೆ.

ಅದೇ ವಾರ ಹನುಮೇಶ ಸಿಟ್ಟಿನಲ್ಲಿ ಬಂದ. “ಸರ, ಕೇಬಲ್‌ನಾಂವ ನಂಬರ್ ಎಲ್ಲಾ ಅದಲ ಬದಲ ಮಾಡ್ಯಾನ್ರಿ. ಒಂಬತ್ತರಾಗ ಈಗ ಭಜನಿ ಬರಾಕತ್ತಾವು. ನಮ್ಮ ಚಾನಲ್ ಹುಡುಕೂದ್ರಾಗ ಅರ್ಧಾ ಕತಿ ಹೋತು.” ಕೇಬಲ್ಲಿನವರ ಅವೈಜ್ಞಾನಿಕ ಪದ್ಧತಿಯನ್ನು ಖಂಡಿಸಿ ಅದಕ್ಕೂ ಎರಡು ಪ್ಯಾರಾ ಬರೆದೆ. ಬರೆದೆನೇ ಹೊರತು ಒಂದು ಕ್ಷಣ ಯೋಚಿಸಲಿಲ್ಲ. ತಂತ್ರಜ್ಞರಿಗೆ ಅಷ್ಟೊಂದು ಸಮಯ ಎಲ್ಲಿರುತ್ತದೆ?

ಇನ್ನು ಕಾಲುಭಾಗ ರಾಶಿ ಉಳಿದಿತ್ತು. ಮಾರನೆಯ ದಿನ ಗಿರಣಿಯಲ್ಲಿ ನಮ್ಮ ಪಾಳಿ. ಅದು ತಪ್ಪಿದರೆ ಯುಗಾದಿ ಮುಗಿಯುವವರೆಗೆ ಗಿರಣಿಯವನು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ, ಮೋಡ ಬೇರೆ ತಲೆಯ ಮೇಲೆ. ಅಂಥ ದಿನವೇ ಹನುಮೇಶ ಐರಣಿಯಲ್ಲಿ ಮದುವೆಯೆಂದು ರಜೆ ಹಾಕಿದ. ನನಗೆ ಕತೆಯಿಲ್ಲ. ಕತೆಯಿಲ್ಲವೆಂದರೆ ಹೆಂಗಸರು ಎದ್ದು ಹೋಗುತ್ತಾರೆ, ವರ್ಷದ ಖಾರ ನನ್ನ ಹೆಸರಿನಲ್ಲಿ ಬೂಷ್ಟು ಹಿಡಿಯುತ್ತದೆ. ಆದರೇನು, ಇಷ್ಟು ದಿನ ತಿದ್ದಿದ ಕೈಗೆ ಒಂದು ಕಂತು ಹುಟ್ಟಿಸುವುದು ದೊಡ್ಡದೇ?

ಮೊರ ತೊಡೆಯ ಮೇಲಿಟ್ಟುಕೊಂಡು ಗಂಭೀರವಾಗಿ ಆರಂಭಿಸಿದೆ. “ಅಂಜಲಿಯ ಗಂಡನಿಗೆ ಪಶ್ಚಾತ್ತಾಪವಾಯಿತು. ಮನೆಗೆ ಬಂದು ತಾಯಿಯ ಪಾದಕ್ಕೆ ಬಿದ್ದ. ಅಂಜಲಿ ಅವನಿಗೆ ಬಿಸಿ ರೊಟ್ಟಿ ಬಡಿಸಿದಳು. ಅವನು, ‘ಅಂಜಲಿ, ನಿನ್ನ ಕೈರುಚಿ—’”

“ಸಾಕು ಮಾಡೋ,” ಎಂದಳು ಅವ್ವ. ಅವಳಿಗೆ ತಡೆದುಕೊಳ್ಳಲು ಆಗಿರಲಿಲ್ಲ. “ಅಂಜಲಿ ಯಾವಾಗ ರೊಟ್ಟಿ ಬಡಿಸಿದ್ಲು? ಅಕಿ ಬಾವಿಗೆ ಹಾರ್ಯಾಳ. ಆ ಮೋನಿಕಾನ ಅಣ್ಣ ಎತ್ತಿ ದವಾಖಾನಿಗೆ ಒಯ್ದಾನ. ಇಷ್ಟು ದಿನಾ ಕತ್ತರಸ್ತಿದ್ದಿ, ಸುಮ್ಮನಿದ್ವಿ. ಇವತ್ತ ಪೂರಾ ಸುಳ್ಳ ಹೇಳಲಿಕ್ಕೆ ಹತ್ತೀದಿ.”

ಪಡಸಾಲೆಯಲ್ಲಿ ತುಂಬು ಮುರಿಯುವ ಸದ್ದು ನಿಂತಿತು.

“ನಿನಗ ಹೆಂಗ ಗೊತ್ತು?” ಎಂದೆ.

ನೀಲಗಂಗವ್ವ ತಲೆ ತಗ್ಗಿಸಿ ಹೇಳಿದಳು: “ನಮ್ಮ ಮನಿಯವರಿಗೆ ಹೇಳಿ ಚಾನಲ್ಲು ನಲವತ್ತೊಂದಕ್ಕ ಹಾಕಿಸೇನ್ರಿ, ಅಣ್ಣಾರ. ಅಮ್ಮಾರಿಗೆ ಮೊಣಕಾಲ ನೋವು, ನಮ್ಮ ಮನಿಗೆ ಬರಾಕ ಆಗಂಗಿಲ್ಲ. ನೋಡಲಾರದ ಅಳಾಕತ್ತಿದ್ರು.”

ಅವಳ ಗಂಡ ಕರಬಸಪ್ಪ ಅರ್ಧ ಊರಿಗೆ ಕೇಬಲ್ಲು ಕೊಡುವ ಮಾಲೀಕ. ಬೀಗ ಹಾಕಿದ್ದು ಒಂಬತ್ತನೇ ನಂಬರಿಗೆ ತಾನೆ? ಬೀಗವನ್ನು ಅಲ್ಲೇ ಬಿಟ್ಟು ಚಾನಲ್ಲನ್ನೇ ಎತ್ತಿ ಬೇರೆ ಕಡೆ ಇಟ್ಟಿದ್ದರು. ನಮ್ಮ ಅವ್ವನ ಒಂದು ಕಣ್ಣೀರಿಗಾಗಿ ಅರ್ಧ ರಾಣೆಬೆನ್ನೂರು ಒಂಬತ್ತರಲ್ಲಿ ಭಜನೆ ಕೇಳುತ್ತಿತ್ತು. ನಾನು ಆಫೀಸಿನಲ್ಲಿದ್ದಾಗ, ಮಧ್ಯಾಹ್ನ ಒಂದಕ್ಕೆ ಚಾನಲ್ಲಿನವರು ಹಿಂದಿನ ದಿನದ ಕಂತನ್ನು ಮತ್ತೆ ಹಾಕುತ್ತಿದ್ದರಂತೆ. ನಾಲ್ಕೂ ಜನ ಇದೇ ಪಡಸಾಲೆಯಲ್ಲಿ ಕೂತು ನೋಡಿ ಮುಗಿಸುತ್ತಿದ್ದರಂತೆ.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಬೇಜಾರಾಯಿತು. “ಮಧ್ಯಾಹ್ನ ನೋಡಿದ ಮ್ಯಾಲೆ ಸಂಜಿಗೆ ನನ್ನ ಕತಿ ಕೇಳಲಿಕ್ಕೆ ಯಾಕ ಕುಂದರತಿದ್ರಿ?”

“ಅದ ಮಜಾ ಇರೂದು,” ಎಂದಳು ನಂದಿತಾ, ಕಾಯಿ ಮುರಿಯುತ್ತ. “ಟೀವ್ಯಾಗ ಅವರು ಏನ್ ತೋರಸ್ತಾರ ಅನ್ನೂದು ಊರಿಗೆಲ್ಲಾ ಗೊತ್ತು. ನೀವು ಎಲ್ಲೆಲ್ಲಿ ಬಿಡ್ತೀರಿ ಅನ್ನೂದು ನಮಗಷ್ಟ ಗೊತ್ತಾಗ್ತಿತ್ತು. ಪಂಕ್ಚರ್ ಅಂದ ದಿನಾ ಅಕ್ಬರಬಿ ಮನೀಗೆ ಹೋಗಿ ಊಟಾ ಮಾಡ್ಲಿಲ್ಲರಿ, ನಕ್ಕು ನಕ್ಕು ಹೊಟ್ಟಿ ನೋಯಿಸ್ಕೊಂಡು.”

“ಮೊದಲ ದಿನಾನ ಹೇಳಬಾರದಿತ್ತೇನು?”

“ಹೇಳಿದ್ರ ನೀವು ತುಂಬು ಬಿಡಸ್ಲಿಕ್ಕೆ ಕುಂದರತಿದ್ರ್ಯಾ?”

ಎದ್ದು ಹೋಗೋಣವೆಂದರೆ ಅವ್ವನ ಕುರ್ಚಿ ಬಾಗಿಲಿಗೆ ಅಡ್ಡ. ಉಳಿದ ರಾಶಿಯನ್ನು ನನ್ನ ಮೊರಕ್ಕೆ ಸುರಿದರು. ಗುಟ್ಟು ರಟ್ಟಾದ ಮೇಲೆ ಮುಚ್ಚುಮರೆ ಯಾಕೆಂದು ನೀಲಗಂಗವ್ವ ನನ್ನ ಕಣ್ಣೆದುರಿಗೇ ರಿಮೋಟು ತೆಗೆದುಕೊಂಡು ನಲವತ್ತೊಂದು ಒತ್ತಿದಳು. ದವಾಖಾನೆಯ ಮಂಚ. ಅದರ ಮೇಲೆ ಅಂಜಲಿ. ಅವಳ ಮುಖಕ್ಕೆ ಮುಖ ತಂದು ಮೋನಿಕಾಳ ಅಣ್ಣ ಬಾಗುತ್ತಿದ್ದಾನೆ, ಇನ್ನೂ ಬಾಗುತ್ತಿದ್ದಾನೆ. ಇದನ್ನು ನಾಳೆ ಏನೆಂದು ಹೇಳಲಿ, ಜ್ವರ ನೋಡಿದನೆಂದೇ? ಅವ್ವನ ಎದುರು ಇದನ್ನು ಹೇಗೆ ನೋಡುವುದು ಎಂದು ಗಾಬರಿಯಾಗಿ ಎರಡೂ ಕೈಯೆತ್ತಿ ಕಣ್ಣು ಮುಚ್ಚಿಕೊಳ್ಳಲು ಹೋದೆ.

ಅವ್ವ ಪರದೆಯಿಂದ ದೃಷ್ಟಿ ಕದಲಿಸಲಿಲ್ಲ.

“ಕೈ ತೊಳಕೊಂಡು ಮುಚ್ಚಿಕೊಳ್ಳಪಾ,” ಎಂದಳು. “ಖಾರದ ಕೈ ಅದ.”