ಸಂದೂಕದಲ್ಲಿಟ್ಟರೂ ಸವೆದ ಸೆಲ್ಲುಗಳು

ಶಿಸ್ತಿನ ಮನುಷ್ಯನಿಗೆ ಒಂದು ದೊಡ್ಡ ಅನುಕೂಲವಿದೆ. ಮನೆಯಲ್ಲಿ ಏನು ಕೆಟ್ಟರೂ ಅದು ಬೇರೆಯವರ ಕೈಯಿಂದಲೇ ಕೆಟ್ಟದ್ದೆಂದು ಅವನು ನಿಶ್ಚಿಂತೆಯಿಂದ ಹೇಳಬಹುದು. ನಾನು ಇಜೇರಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಸಾಲೆಯ ಗಂಟೆ ನನ್ನನ್ನು ಬಿಟ್ಟಿತು, ನಾನು ಗಂಟೆಯನ್ನು ಬಿಡಲಿಲ್ಲ. ಏಳುವುದು, ಸ್ನಾನ, ಲಿಂಗಪೂಜೆ, ರೊಟ್ಟಿ, ರೇಡಿಯೊ ವಾರ್ತೆ, ಎಲ್ಲಕ್ಕೂ ಅದರದರ ಹೊತ್ತು. ಬೀಗರು ಬಂದು ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ, ಅವರ ಕ್ಷೇಮ ವಿಚಾರಿಸುತ್ತಲೇ ಕಾಲಿನಿಂದ ಸಾಲಾಗಿ ಸರಿಸುತ್ತೇನೆ. ಒಬ್ಬ ಬೀಗರು ಇದನ್ನು 'ಇನ್ನು ಹೊರಡಿ' ಎಂಬ ಸೂಚನೆಯೆಂದು ತಿಳಿದು ಚಹಾ ಕುಡಿಯದೇ ಹೋದದ್ದೂ ಉಂಟು.

ಇಂಥ ನನ್ನ ಮನೆಯಲ್ಲಿ ಟ್ರಾನ್ಸಿಸ್ಟರಿನ ಸೆಲ್ಲುಗಳು ಹೊತ್ತಿಲ್ಲದ ಹೊತ್ತಿಗೆ ಸಾಯತೊಡಗಿದವು. ಆಗ ನಮ್ಮ ಊರಿಗೆ ಟೀವಿ ಬಂದಿರಲಿಲ್ಲ. ಕರೆಂಟು ಬಂದಿತ್ತು, ಆದರೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಹಾಗಾಗಿ ಎಲ್ಲವೂ ಸೆಲ್ಲಿನ ಮೇಲೆ. ಮೊದಲೆಲ್ಲ ಹೊಸ ಸೆಲ್ಲು ಹಾಕಿದರೆ ಅವುಗಳ ನೆನಪೇ ಹೋಗುವಷ್ಟು ದಿನ ಬಾಳುತ್ತಿದ್ದವು. ಈಗ ಹಾಕಿದ ವಾರಕ್ಕೇ ವಾರ್ತೆ ಓದುವವನ ಧ್ವನಿ ಬಾವಿಯೊಳಗಿನಿಂದ ಬಂದಂತೆ ಬರುತ್ತಿತ್ತು.

ನಾನು ಕ್ರಮವಾಗಿ ತನಿಖೆ ಆರಂಭಿಸಿದೆ. ಮೊದಲ ಸಂಶಯ ಕಿರಾಣಿ ಅಂಗಡಿಯ ಬಸಣ್ಣನ ಮೇಲೆ. ಹಳೆಯ ಮಾಲು ಕೊಡುತ್ತಿದ್ದಾನೆಂದು ಅಂಗಡಿಯ ಮುಂದೆ ನಿಂತು ಕೇಳಿಯೇಬಿಟ್ಟೆ. ಅವನು ತಕ್ಕಡಿ ಕೆಳಗಿಟ್ಟು, "ಮಾಸ್ತರ್ರ, ಇದ ಡಬ್ಬಿದಾಗಿನ ಸೆಲ್ಲು ಊರ ಮಂದಿ ಎಲ್ಲಾ ಒಯ್ದಾರ್ರಿ. ನಿಮ್ಮ ಮನ್ಯಾಗಷ್ಟ ಸಾಯಾಕತ್ಯಾವಂದ್ರ, ಅವೂ ನಿಮಗ ಅಂಜತಾವೇನೋ ಯಾರಿಗ್ಗೊತ್ತು. ನಿಮ್ಮ ಕ್ಲಾಸಿನ್ಯಾಗ ನಾವೂ ಹಿಂಗ ಬಾಡ್ತಿದ್ದಿವಿ" ಎಂದ. ಪಕ್ಕದಲ್ಲಿ ಬೆಲ್ಲ ಕೊಳ್ಳುತ್ತಿದ್ದವರು ನಕ್ಕರು. ಅವರಲ್ಲೂ ಅರ್ಧ ಜನ ನನ್ನ ವಿದ್ಯಾರ್ಥಿಗಳೇ.

ಎರಡನೆಯ ಸಂಶಯ ನನ್ನ ಹೆಂಡತಿ ಶರಣಮ್ಮನ ಮೇಲೆ. ನಾನು ಮಧ್ಯಾಹ್ನ ಮಲಗಿದಾಗ ಈಕೆ ಸಿನಿಮಾ ಹಾಡು ಕೇಳುತ್ತಿರಬೇಕು. ಕೇಳಿದೆ.

"ರೊಟ್ಟಿ ಬಡೀಲೋ, ಹಾಡು ಕೇಳ್ಲೋ? ರೊಟ್ಟಿ ಬಡಿಯೂ ಸಪ್ಪಳದಾಗ ನನಗ ನಿಮ್ಮ ಮಾತೂ ಕೇಳ್ಸಂಗಿಲ್ಲ. ಅದೊಂದ ಸುಖ" ಎಂದಳು.

ಮಾತಿನಿಂದ ತನಿಖೆ ಮುಗಿಯುವುದಿಲ್ಲ. ರೇಡಿಯೊವನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಸಂದೂಕದೊಳಗಿಟ್ಟೆ. ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡೆ. ವಾರ್ತೆಯ ಹೊತ್ತಿಗೆ ತೆಗೆಯುವುದು, ಕೇಳುವುದು, ಆರಿಸುವುದು, ಸಾಫ್ ಮಾಡಿ ಮತ್ತೆ ಬೀಗ ಹಾಕುವುದು. ಆದರೂ ಸೆಲ್ಲುಗಳು ಸತ್ತವು. ಸ್ವಲ್ಪ ಬೇಗನೇ ಸತ್ತವು. ಶರಣಮ್ಮ ಇದರಿಂದ ನಿರ್ದೋಷಿಯಾದಳು, ಆದರೆ ನಾನು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ತೀರ್ಪನ್ನು ಕಾಯ್ದಿರಿಸಿದೆ.

ಈ ನಡುವೆ ಹಿರೋಳ್ಳಿಯಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿರುವ ಶರಣಮ್ಮನ ತಂಗಿ ಮಹಾದೇವಿಯ ಬೀಸುವ ಕಲ್ಲಿನ ಪದಗಳನ್ನು ರೇಡಿಯೊದವರು ಧ್ವನಿ ಮುದ್ರಿಸಿಕೊಂಡಿದ್ದಾರೆ, ಬರುವ ಗುರುವಾರ ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮದಲ್ಲಿ ಹಾಕುತ್ತಾರೆ ಎಂದು. ತಾಯಿ ಕಲಿಸಿದ ಪದಗಳು. ತಾಯಿ ತೀರಿದ ಮೇಲೆ ಅವು ಮಹಾದೇವಿಯ ಬಾಯಲ್ಲಷ್ಟೇ ಉಳಿದಿವೆಯೆಂದು ನನ್ನ ತಿಳುವಳಿಕೆ. ಶರಣಮ್ಮ ಓಣಿಗೆಲ್ಲ ಹೇಳಿಬಂದಳು. ನನಗೆ ಹೇಳಿದ್ದು ಒಂದೇ ಮಾತು: "ಅವತ್ತರ ನಿಮ್ಮ ಡಬ್ಬಿ ಮಾತಾಡ್ಬೇಕು ನೋಡ್ರಿ."

ಗುರುವಾರ ಮುಂಜಾನೆ ಡಬ್ಬಿ ಗೊಣಗುತ್ತಿತ್ತು. ಬಸಣ್ಣನ ಅಂಗಡಿಗೆ ಧಾವಿಸಿದೆ. ಬಾಗಿಲು ಮುಚ್ಚಿತ್ತು. ಮಾಲು ತರಲು ಜೇವರ್ಗಿಗೆ ಹೋದವನು ಸಂಜೆಯ ಬಸ್ಸಿಗೇ ಬರುವುದು. ಬರಿಗೈಯಲ್ಲಿ ಮನೆಗೆ ಬಂದು ಮುಂಜಾನೆಯ ಕೊನೆಯ ವಾರ್ತೆ ಕೇಳಿದೆ, ಅಂದರೆ ಊಹಿಸಿದೆ. ಆರಿಸಿ, ಅರಿಬಿ ತೆಗೆದುಕೊಂಡು ಒರೆಸತೊಡಗಿದೆ. ಶರಣಮ್ಮ ಎದುರಿಗೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಏನ್ರಿ ಅದು, ಟಕ್ ಅಂದದ್ದು?"

"ಬಂದ್ ಮಾಡಿದ್ದು."

"ಅದು ಮೊದಲಿಂದು. ಈಗೊಂದು ಟಕ್ ಅಂತಲ್ಲ?"

ಮತ್ತೆ ಒರೆಸಿ ತೋರಿಸಿದೆ. ನಾನು ಯಾವತ್ತೂ ಕೆಳಗಿನಿಂದ ಮೇಲಕ್ಕೇ ಒರೆಸುವವನು. ಬೋರ್ಡನ್ನೂ ಹಾಗೆಯೇ ಒರೆಸುತ್ತಿದ್ದೆ. ಪಕ್ಕದಲ್ಲಿರುವ, ಈಚೆಗೆ ಸಡಿಲಾಗಿದ್ದ ಗಾಲಿಯಂಥ ಗುಂಡಿಯ ಮೇಲೆ ಅರಿಬಿ ಮೇಲಕ್ಕೆ ಹೋದಾಗಲೆಲ್ಲ ಅದು ಟಕ್ಕೆಂದು ತಿರುಗಿ ರೇಡಿಯೊ ಹತ್ತಿಕೊಳ್ಳುತ್ತಿತ್ತು, ಸದ್ದು ಮಾತ್ರ ಕಿವಿಗೆ ಬೀಳದಷ್ಟು ಸಣ್ಣದು. ನಾನು ಅದನ್ನು ಹಾಗೆಯೇ ಸುತ್ತಿ, ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದೆ. ಅದು ಸಂದೂಕದೊಳಗೆ ಹಗಲೂ ರಾತ್ರಿ ನನ್ನ ಧೋತರಗಳಿಗೆ ಕಾರ್ಯಕ್ರಮ ಕೇಳಿಸುತ್ತಿತ್ತು.

ಶರಣಮ್ಮ ನಗುತ್ತಾಳೆಂದುಕೊಂಡೆ. ನಗಲಿಲ್ಲ. "ನನ್ನ ತಂಗಿ ಹಾಡೂ ಹಿಂಗ ಒರೆಸಿ ಹಾಕಿದ್ರಿ" ಎಂದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಸೆಲ್ಲುಗಳನ್ನು ತೆಗೆದುಕೊಂಡು ಮಾಳಿಗೆ ಹತ್ತಿದೆ. ಕಾದ ಸೆಲ್ಲು ಸ್ವಲ್ಪ ಹೊತ್ತು ಜೀವ ಹಿಡಿಯುತ್ತದೆಂದು ನಮ್ಮ ಕಡೆ ಎಲ್ಲರೂ ಬಿಸಿಲಿಗಿಡುತ್ತಾರೆ. ಸಾಲೆಯಲ್ಲಿ ನಾನು ಇದನ್ನು ಮೂಢನಂಬಿಕೆ ಎಂದು ಪಾಠ ಮಾಡಿದ್ದೆ. ಈಗ ಫರಸಿ ಕಲ್ಲಿನ ಮೇಲೆ ಅವನ್ನು ಸಾಲಾಗಿ ಇಟ್ಟು, ಹಪ್ಪಳ ಕಾಯುವ ಮುದುಕಿಯಂತೆ ತಲೆಗೆ ಟವೆಲ್ಲು ಹಾಕಿಕೊಂಡು ಹೊರಳಿಸುತ್ತ ಕೂತೆ. ಕೆಳಗಿನ ಓಣಿಯಿಂದ ಯಾರೋ, "ಮಾಸ್ತರ್ರ, ಏನ್ ಒಣಗ್ಸಾಕತ್ತೀರಿ?" ಎಂದು ಕೂಗಿದರು. ಟವೆಲ್ಲನ್ನು ಕಿವಿಯ ಮೇಲೆಳೆದುಕೊಂಡೆ.

ಮಧ್ಯಾಹ್ನ ಪಡಸಾಲೆ ತುಂಬ ಹೆಂಗಸರು. ಬಿಸಿ ಸೆಲ್ಲು ಹಾಕಿ ಗುಂಡಿ ತಿರುಗಿಸಿದೆ. ಮೊದಲು ಕರಕರ, ಆಮೇಲೆ ಮಹಾದೇವಿಯ ಧ್ವನಿ, ಸಣ್ಣಗೆ, ಆದರೆ ಅವಳದೇ. "ಏ, ಸುಮ್ನಿರ್ರಬೇ!" ಎಂದು ಶರಣಮ್ಮ ಗದರಿದಳು. ಎಲ್ಲರೂ ಡಬ್ಬಿಗೆ ತಲೆ ಹಚ್ಚಿದರು, ನನಗೆ ಅವರ ಬೆನ್ನುಗಳಷ್ಟೇ ಕಂಡವು. ಎರಡನೆಯ ಪದದ ಅರ್ಧಕ್ಕೆ ರೇಡಿಯೊ ಉಸಿರು ಬಿಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಹಾಡು ನಿಲ್ಲಲಿಲ್ಲ. ಉಳಿದರ್ಧವನ್ನು ಶರಣಮ್ಮ ತೆಗೆದುಕೊಂಡಿದ್ದಳು. ಆಕೆಗೂ ಆ ಪದ ಬರುತ್ತದೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಬಹುಶಃ ಆಕೆ ಹಾಡುವ ಹೊತ್ತು ನನ್ನ ವೇಳಾಪಟ್ಟಿಯಲ್ಲಿ ವಾರ್ತೆಗೆ ಹೋಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ನಿಯಮ: ಮೊದಲು ಸೆಲ್ಲು ಹೊರಗೆ, ಆಮೇಲೆ ಅರಿಬಿ. ಬಂದವರಿಗೆಲ್ಲ ಇದನ್ನು ಕಾರಣಸಹಿತ ವಿವರಿಸುತ್ತೇನೆ. ವಸ್ತುಗಳನ್ನು ಬಳಸುವ ಕ್ರಮ ನಮ್ಮ ಜನಕ್ಕೆ ತಿಳಿಯದೆಂದು ಮರುಗುತ್ತೇನೆ. ಆಗ ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸುತ್ತದೆ. ಶರಣಮ್ಮನಿಗೆ ಕೆಮ್ಮಿನ ಕಾಯಿಲೆ ಇಲ್ಲ.