ರಜೆಯ ಮೇಲೆ ಹೋದ ಗುಂಡಪ್ಪ

ನನ್ನ ಯೋಗ್ಯತೆ ಏನೆಂದು ಹೆಂಡತಿಗೆ ತೋರಿಸಿಯೇ ಬಿಡುತ್ತೇನೆಂದು ಪಣ ತೊಟ್ಟೆ! ಅರಭಾವಿಯ ಕಾಲೇಜಿನಲ್ಲಿ ಗುಮಾಸ್ತನೆಂದರೆ ಬರೀ ರಜೆ ಅರ್ಜಿ ಜೋಡಿಸುವವನೇ? ಮೊಬೈಲಿನಲ್ಲಿ ಶಿಲಾಯುಗದ ಮೂರು ವಿಡಿಯೊಗಳನ್ನು ಪೂರ್ತಿ ನೋಡಿದವನು ನಾನು! ಅದರ ಫಲವಾಗಿ ತುಕ್ಕಾನಟ್ಟಿಯ ನಮ್ಮ ಹಿತ್ತಲಲ್ಲೇ ಆದಿಮಾನವನ ಆಯುಧವೊಂದನ್ನು ಪತ್ತೆಹಚ್ಚಿ, ಹುಕ್ಕೇರಿಯಲ್ಲಿ ಹೊಸದಾಗಿ ತೆರೆದ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಗುಟ್ಟಾಗಿ ದಾನ ಕೊಟ್ಟಿದ್ದೆ. ಚೀಟಿಯ ಮೇಲೆ ನನ್ನ ಹೆಸರು ಕಂಡು ಸುಮನ ಬೆರಗಾಗಬೇಕು, ಅಷ್ಟೇ ನನ್ನ ಆಸೆ.

ಆಕೆಗೋ ಪುರುಸೊತ್ತಿಲ್ಲ. ಮರುದಿನವೇ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹುಕ್ಕೇರಿಗೆ ಹೋಗಿ ಬರೋಣವೆಂದರೆ ಸಿಡುಕಿದಳು.

"ಗುಂಡಪ್ಪ ಸಿಗವಲ್ಲ, ನಿಮಗ ತಿರಗೂದು ಬೇಕಾಗೇತಿ!"

ಗುಂಡಪ್ಪ ನಮ್ಮ ನೆಂಟನಲ್ಲ, ಒರಳಿನ ಗುಂಡುಕಲ್ಲು. ಕೂಸಿಗಿಂತ ಮೊದಲು ಅದಕ್ಕೆ ಕುಂಚಿಗೆ ತೊಡಿಸಿ ತೊಟ್ಟಿಲ ಮೇಲೆ ಕೆಳಗೆ ದಾಟಿಸುವುದು ಹೆಂಗಸರ ಪದ್ಧತಿ. ಗಂಡಸರು ಆಗ ಹೊರಗೆ ಚಹಾ ಕುಡಿಯುತ್ತಿರುತ್ತಾರೆ. ಹೀಗಾಗಿ ಆ ಕಲ್ಲಿನ ಮುಖವನ್ನೇ ನಾನು ಕಂಡವನಲ್ಲ. ತೊಳೆದು ಒಣಗಿಸಲು ಇಟ್ಟಿದ್ದು ಎಂಟು ದಿನದಿಂದ ಮಾಯವಾಗಿ, ಪಕ್ಕದ ಮನೆಯ ಮಾಯವ್ವನ ಜೊತೆ ದೊಡ್ಡ ಜಗಳವೇ ಆಗಿತ್ತು.

"ಹುಕ್ಕೇರಿ ಸಂತ್ಯಾಗ ಹೊಸಾದು ತರೂಣು ಬಾ," ಎಂದೆ.

"ಹೊಸಾದ? ಅದು ಅತ್ತಿಯಾರ ಕಾಲದ್ದರಿ! ನಿಮಗಿಂತ ಮೊದಲ ನಿಮ್ಮ ತೊಟ್ಟಲದಾಗ ಮಲಗಿದ್ದು ಅದ!" ಎಂದು ಗೊಣಗುತ್ತಲೇ ಬಸ್ ಹತ್ತಿದಳು.

ವಸ್ತುಸಂಗ್ರಹಾಲಯವೆಂದರೆ ಒಂದೇ ಕೋಣೆ. ತುಕ್ಕು ಹಿಡಿದ ಕತ್ತಿ, ಮಡಕೆ ಚೂರು, ತಾಮ್ರದ ಹಂಡೆ. ನೋಡಿಕೊಳ್ಳುವ ಉದ್ದಪ್ಪ, "ಬರ್ರಿ ಸಂಶೋಧಕರ!" ಎಂದು ಎದ್ದು ನಿಂತ. ನನ್ನ ಎದೆ ಉಬ್ಬಿತು. ಗಾಜಿನ ಪೆಟ್ಟಿಗೆಯ ಮುಂದೆ ಗಂಟಲು ಸರಿಪಡಿಸಿಕೊಂಡೆ.

"ನೋಡು, ನಾಕ್ ಸಾವಿರ ವರ್ಷದ್ದು! ಈ ಮೂಲಿ ಒಡದೈತಲ್ಲ, ಬ್ಯಾಟಿ ಆಡಾಕ ಅಂತ ಆದಿಮಾನವ ಕೆತ್ತಿದ್ದು."

ಸುಮನ ಕಲ್ಲನ್ನು ನೋಡಿದಳು. ಚೀಟಿ ಓದಿದಳು. ಆಮೇಲೆ ನನ್ನನ್ನು ನೋಡಿದಳು.

"ಆ ಮೂಲಿ ಒಡದಾಕಿ ನಾನರಿ! ನಮ್ಮ ಮಗಳು ಅರ್ಚನಾನ ತೊಟ್ಟಲಕ್ಕ ದಾಟಸೂ ಮುಂದ ಕೈಜಾರಿ ಬಿದ್ದಿತ್ತು. ಅತ್ತಿಯಾರು ತಿಂಗಳಗಟ್ಲೆ ಮಾತಾಡಿರಲಿಲ್ಲ. ಹಂಗಾರ ಆದಿಮಾನವ ಅಂದ್ರ ನಾನಾ?"

ಆಕೆ ಪೆಟ್ಟಿಗೆಗೆ ಕೈ ಹಾಕಿದಳು. ಉದ್ದಪ್ಪ ಅಡ್ಡ ಬಂದ.

"ಅಕ್ಕಾರ, ತಿರುಗಿ ಕೊಡಾಕ ಬರೂದಿಲ್ಲರಿ. ರಜಿಸ್ಟರದಾಗ ನಂಬರ್ ಬಿದ್ದೈತಿ."

"ನಾಳೆ ನನ್ನ ಮೊಮ್ಮಗ ತೊಟ್ಟಲಾ ಏರಬೇಕ್ರಿ. ಅಂವಗ ಯಾವ ನಂಬರ್ ಕೊಡತೀರಿ?"

ಉದ್ದಪ್ಪ ತಲೆ ಕೆರೆದುಕೊಂಡ. ಕಲ್ಲಿನ ಕಥೆಯನ್ನೆಲ್ಲ ಆಕೆಯಿಂದ ಹೇಳಿಸಿ ಬರೆದುಕೊಂಡ. ಕೊನೆಗೆ ಒಪ್ಪಂದವಾಯಿತು: ಕಲ್ಲು ಸಂಗ್ರಹಾಲಯದ್ದೇ, ಆದರೆ ಮನೆಯಲ್ಲಿ ಕೂಸು ಹುಟ್ಟಿದಾಗೆಲ್ಲ ಅದಕ್ಕೆ ಎರಡು ದಿನ ರಜೆ. ಅರ್ಜಿ ಬರೆಯಬೇಕಾದವನು ನಾನೇ! "ಕೌಟುಂಬಿಕ ಕಾರ್ಯದ ನಿಮಿತ್ತ" ಎಂದು ಒಂದು ಕಲ್ಲಿನ ಪರವಾಗಿ ಸಹಿ ಹಾಕುವಾಗ ನಿಜಕ್ಕೂ ನಾಚಿಕೆಯಾಯಿತು. ನನ್ನ ತೊಟ್ಟಿಲ ಸಂಗಾತಿಯ ಗುರುತೇ ನನಗಿರಲಿಲ್ಲವಲ್ಲ!

ಹೆಗಲ ಮೇಲೆ ಗುಂಡಪ್ಪನನ್ನು ಹೊತ್ತು ಊರಿಗೆ ಬಂದು, ಮೊದಲು ಮಾಯವ್ವನ ಕ್ಷಮೆ ಕೇಳಿದೆ. ಕಾರ್ಯ ಸಾಂಗವಾಗಿ ಮುಗಿಯಿತು. ಮೂರನೆಯ ದಿನ ಮತ್ತೆ ಹೊತ್ತುಕೊಂಡೇ ಹುಕ್ಕೇರಿಗೆ ಹೋದೆ. ಪೆಟ್ಟಿಗೆಯ ಮೇಲೆ ಹೊಸ ಚೀಟಿ ಕಾದಿತ್ತು: "ಗುಂಡಪ್ಪ. ಮೂರು ತಲೆಮಾರಿನ ಕೂಸುಗಳಿಗಿಂತ ಮೊದಲು ತೊಟ್ಟಿಲೇರಿದ ಕಲ್ಲು. ದಾನಿ: ಶ್ರೀಮತಿ ಸುಮನ."

ನನ್ನ ಹೆಸರನ್ನೂ ಬಿಟ್ಟಿರಲಿಲ್ಲ. ತೀರಾ ಕೆಳಗೆ, ಕನ್ನಡಕ ಹಾಕಿಕೊಂಡರೆ ಕಾಣುವಷ್ಟು ದಪ್ಪಕ್ಷರದಲ್ಲಿತ್ತು: "ಹೊತ್ತು ತಂದವರು: ಬೀರಸಿದ್ದಪ್ಪ."