ನೆವಿಲ್ ಮಹಡಿ ಇಳಿದದ್ದು

ಎಲ್ಲಕ್ಕೂ ಕಾರಣ ನೆವಿಲ್ ಕ್ರ್ಯಾಬ್‌ಟ್ರೀಯ ಮೊಣಕಾಲು. ಹನ್ನೊಂದು ವರ್ಷದಿಂದ ಮಹಡಿ ಮನೆಯಲ್ಲಿದ್ದವನಿಗೆ ಈಗ ಹದಿನೇಳು ಮೆಟ್ಟಿಲು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಕೆಳಗಿನ ಮನೆಯ ಮಿಸ್ ಹಿಲ್ಡಾ, ರಿಟೈರಾದ ಸ್ಕೂಲ್ ಮೇಡಂ, ತಲೆಯ ಮೇಲೆ ಅವನ ಬೂಟಿನ ಸದ್ದು ಕೇಳಿ ಕೇಳಿ ರೋಸಿಹೋಗಿದ್ದಳು. ಮನೆ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ! ಟೀ ಆರುವುದರೊಳಗೆ ಮಾತು ಮುಗಿಯಿತು.

ಆಮೇಲೆ ಮನೆ ಪತ್ರ ಮಾಡಿಸುವ ವಕೀಲರು, ಅಂದರೆ ಸಾಲಿಸಿಟರುಗಳು, ಬಂದರು. ಅವನಿಗೊಬ್ಬ ಲಮ್, ಅವಳಿಗೊಬ್ಬ ಥ್ವೇಟ್. ಹಿಂದಿನ ಗೋಡೆ ಯಾರದು ಅಂತ ಲಮ್ ಥ್ವೇಟಿಗೆ ಕಾಗದ ಬರೆದ. ಇಬ್ಬರ ಆಫೀಸೂ ಎದುರುಬದುರು. ಉತ್ತರ ರಸ್ತೆ ದಾಟಲು ಒಂಬತ್ತು ವಾರ ಹಿಡಿಯಿತು. ಆಮೆಯ ಕೈಗೆ ಕೊಟ್ಟಿದ್ದರೆ ತಲುಪಿಸಿ, ಮರಿಗಳಿಗೆ ಮದುವೆಯನ್ನೂ ಮಾಡಿ ಮುಗಿಸುತ್ತಿತ್ತು. ಮಹಡಿ ಮನೆಯ ಅಡಿಯಲ್ಲಿ ಕಲ್ಲಿದ್ದಲ ಗಣಿ ಇದೆಯೇ, ಚರ್ಚಿನ ಮಾಡು ಸೋರಿದರೆ ರಿಪೇರಿ ಈ ಮನೆಯವರ ತಲೆಗೆ ಬರುತ್ತದೆಯೇ ಎಂದೆಲ್ಲ ತನಿಖೆ ನಡೆದು ಎಂಟು ತಿಂಗಳು ಕಳೆಯಿತು.

ಕೊನೆಗೂ ಆ ಶುಕ್ರವಾರ ಬಂತು. ಬೆಳಗ್ಗೆಯೇ ಎರಡೂ ಮನೆಯ ಕೀಲಿಕೈ ಸಾಲಿಸಿಟರುಗಳ ಪಾಲಾದವು. ಎರಡೂ ಮನೆಯ ಸಾಮಾನು ಫುಟ್‌ಪಾತಿನ ಪಾಲಾಯಿತು. ಮೇಲೆ ಜಿಟಿಜಿಟಿ ಮಳೆ.

“ಕೀಲಿಕೈ ಕೊಡೋಕೆ ಥ್ವೇಟ್ ಮೊದ್ಲು ಸರಿ ಅನ್ಲಿ, ಆಮೇಲೆ ನಾನು,” ಎಂದ ಲಮ್ ಫೋನಿನಲ್ಲಿ.

ಹಿಲ್ಡಾ ಥ್ವೇಟಿಗೆ ಫೋನ್ ಮಾಡಿದಳು. “ಲಮ್ ಮೊದ್ಲು ಅನ್ಲಿ,” ಎಂದ ಅವನು.

“ಬೀಗರ ಊಟಕ್ಕೆ ಹೋದವ್ರ ಥರ ಆಡ್ತಾರಲ್ರೀ!” ಎಂದ ಸಾಮಾನು ಹೊರುವ ಸಿಡ್, ಪಿಯಾನೋ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತ.

“ಮೊದ್ಲು ಅದ್ರಿಂದ ಇಳಿಯಪ್ಪ!” ಎಂದಳು ಹಿಲ್ಡಾ.

ಎರಡು ಗಂಟೆಗೆ ನೆವಿಲ್ ಮತ್ತೆ ಫೋನ್ ಮಾಡಿದ.

“ಲಮ್ ಸಾಹೇಬ್ರು ಊಟಕ್ಕೆ ಹೋಗಿದಾರೆ,” ಎಂದಳು ಆಫೀಸಿನವಳು.

“ಯಾರ ಜೊತೆ?”

“ಥ್ವೇಟ್ ಸಾಹೇಬ್ರ ಜೊತೆ.”

ಐದಕ್ಕೆ ಐದು ನಿಮಿಷವಿರುವಾಗ ಲಮ್ ಛತ್ರಿ ಹಿಡಿದು, ಎರಡೂ ಕೀಲಿಕೈ ಮತ್ತು ದಪ್ಪನೆಯ ಪತ್ರದೊಂದಿಗೆ ಪ್ರತ್ಯಕ್ಷನಾದ. ಅಲ್ಲಿಯವರೆಗೆ ಸಾಲಿಸಿಟರುಗಳು ಕಳಿಸುತ್ತಿದ್ದದ್ದು ಸಹಿ ಹಾಕುವ ಪುಟ ಮಾತ್ರ. ಹಿಲ್ಡಾ ಪೂರ್ತಿ ಪತ್ರ ಕಿತ್ತುಕೊಂಡು ಓದಿದಳು.

“ಏನ್ರೀ ಇದು? ನೆವಿಲ್ ಕೊಂಡಿರೋದು ಮಹಡಿ ಮನೆ ಅಂತಿದೆ!”

“ಅದನ್ನ ಮಾರಿದೋನೇ ನಾನು!” ಎಂದ ನೆವಿಲ್.

ಲಮ್ ಕನ್ನಡಕ ಒರೆಸಿಕೊಂಡ. “ಇಲ್ಲ. ನಕ್ಷೇಲಿ ಎರಡೂ ಮನೆ ಒಂದೇ ಥರ ಕಾಣತ್ತೆ ನೋಡಿ. ಹನ್ನೊಂದು ವರ್ಷದ ಹಿಂದೇನೇ ಯಾರೋ ಅಡಿಮೇಲಾಗಿ ದಾಖಲು ಮಾಡಿದಾರೆ. ಕಾಗದದ ಪ್ರಕಾರ ನಿಮ್ದು ಕೆಳಗಿನ ಮನೆ. ಅದನ್ನೇ ಇವತ್ತು ಈಯಮ್ಮಂಗೆ ಮಾರಿ, ಅವ್ರ ಹೆಸರಲ್ಲಿದ್ದ ಮಹಡೀನ ಕೊಂಡ್ಕೊಂಡ್ರಿ.”

“ಅಂದ್ರೆ... ಸುಮ್ನೆ ಮಂಚ ಅದಲುಬದಲು ಮಾಡ್ಕೊಂಡಿದ್ರೆ ಸಾಕಿತ್ತಾ?” ಎಂದ ನೆವಿಲ್.

“ಸಾಕಿತ್ತು. ಆದ್ರೆ ನೀವು ಅದನ್ನ ಕೇಳ್ಲಿಲ್ವಲ್ಲ.”

“ತಿದ್ರಿ ಮತ್ತೆ!”

“ಧಾರಾಳವಾಗಿ. ಎಂಟು ತಿಂಗ್ಳು. ಅಲ್ಲೀತನಕ ಒಬ್ರ ಮನೇಲಿ ಇನ್ನೊಬ್ರು ಇದ್ದು ನಲ್ಲಿ ಒಡೆದ್ರೆ, ವಿಮೆಯವ್ರು ಒಂದು ಪೆನ್ನೀನೂ ಕೊಡಲ್ಲ.”

ಹಿಲ್ಡಾ ನೆಂದ ಪಿಯಾನೋ ನೋಡಿದಳು. ಕೆಳಗಿನ ಮನೆಯ ಕೀಲಿಕೈ ಕಸಿದುಕೊಂಡು ಒಳಗೆ ನಡೆದೇಬಿಟ್ಟಳು.

ಲಮ್ ಸಂಭ್ರಮದಿಂದ ನೆವಿಲನ ಕೈ ಕುಲುಕಿದ. “ಬೇಜಾರ್ಯಾಕೆ? ಇಷ್ಟು ವರ್ಷ ಬೇರೆಯವ್ರ ಮನೇಲಿದ್ರಿ. ನಮ್ಮ ದಯೆಯಿಂದ ಇವತ್ತು ಅದು ನಿಮ್ಮ ಸ್ವಂತದ್ದಾಯ್ತು. ಅಭಿನಂದನೆ!”

ಅಷ್ಟರಲ್ಲಿ ಸಿಡ್ ಮೆಟ್ಟಿಲ ಬುಡದಲ್ಲಿ ನೆವಿಲನ ಮಂಚದ ತಲೆಭಾಗ ಎತ್ತಿಯಾಗಿತ್ತು.

“ಯಜಮಾನ್ರೇ, ಕಾಲಿನ ಕಡೆ ನೀವು ಹಿಡ್ಕೊಳ್ಳಿ. ನಮ್ಮ ಹುಡುಗ್ರು ಐದಕ್ಕೇ ಮನೆಗೆ ಹೋದ್ರು.”